ಎರಡು ಹಲಗೆಗಳು

2025ರ ಜನವರಿಯಲ್ಲಿ ನಮ್ಮ ಕಾಲೇಜಿನ ಅಧ್ಯಾಪಕರ ಸಭೆ ಒಂದು ನಿರ್ಣಯವನ್ನು ಅಂಗೀಕರಿಸಿತು. ಇನ್ನು ಮುಂದೆ ವಿದ್ಯಾರ್ಥಿಗಳ ಪ್ರವಾಸದಲ್ಲಿ ಯಾವ ಕಡಲತೀರವೂ ಸೇರಕೂಡದು ಎಂಬುದೇ ಆ ನಿರ್ಣಯ. ವಿರೋಧವೆಂದು ಒಂದು ಕೈಯೂ ಮೇಲೇಳಲಿಲ್ಲ. ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಸಹಿಯಷ್ಟೇ ಅಲ್ಲ, ಒಕ್ಕಣೆಯೂ ನನ್ನದೇ. ಕನ್ನಡ ವಿಭಾಗದವರು ಇರುವುದೇ ಇಂಥ ಒಕ್ಕಣೆ ಬರೆದುಕೊಡುವುದಕ್ಕೆಂದು ನಮ್ಮ ಮಿಕ್ಕ ವಿಭಾಗಗಳ ನಂಬಿಕೆ. ‘ವಿದ್ಯಾರ್ಥಿಗಳ ಹಿತದೃಷ್ಟಿಯಿಂದ’ ಎಂಬ ಪದಪುಂಜವನ್ನು ಅದರಲ್ಲಿ ಎರಡು ಸಲ ಸೇರಿಸಿದ್ದೆನೆಂದು ನೆನಪು. ಆ ಸಹಿಯನ್ನೂ ಆ ಒಕ್ಕಣೆಯನ್ನೂ ಹಿಂದಕ್ಕೆ ಪಡೆಯುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಿರ್ಣಯಕ್ಕೆ ಕಾರಣವಿಲ್ಲದೆ ಇರಲಿಲ್ಲ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದ ಶಾಲಾ ವಿದ್ಯಾರ್ಥಿನಿಯರು ನಾಲ್ವರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತರು. ಆ ಸುದ್ದಿಯನ್ನು ಓದಿದ ಯಾವ ಉಪಾಧ್ಯಾಯರಿಗೂ ಆ ರಾತ್ರಿ ನಿದ್ದೆ ಬಂದಿರಲಾರದು. ಮುಂದಿನದೆಲ್ಲ ನಮ್ಮ ದೇಶದಲ್ಲಿ ಆಗುವ ಹಾಗೆಯೇ ಆಯಿತು: ಪರಿಹಾರ ಘೋಷಿಸಿದರು, ಜೊತೆಯಲ್ಲಿ ಹೋಗಿದ್ದ ಶಿಕ್ಷಕರ ಮೇಲೆ ಕ್ರಮ ಕೈಗೊಂಡರು, ಕಡಲತೀರವನ್ನು ಕೆಲವು ದಿನ ಮುಚ್ಚಿದರು. ಊರೂರಿನ ಶಾಲೆ ಕಾಲೇಜುಗಳಲ್ಲಿ ನಮ್ಮಂಥವರು ಕುಳಿತು ನಮ್ಮಂಥ ನಿರ್ಣಯಗಳನ್ನು ಬರೆದೆವು. ಆ ಮಕ್ಕಳಿಗೆ ಕಡಲಿನ ವಿಷಯವಾಗಿ ಯಾರಾದರೂ ಯಾವತ್ತಾದರೂ ಏನನ್ನಾದರೂ ಹೇಳಿಕೊಟ್ಟಿದ್ದರೆ? ಈ ಪ್ರಶ್ನೆ ನಮ್ಮ ಸಭೆಯಲ್ಲಿ ಏಳಲಿಲ್ಲ. ನನಗೂ ಹೊಳೆಯಲಿಲ್ಲ. ಹೊಳೆಯುವುದಕ್ಕೆ ನಾನು ನಲವತ್ತಾರನೆಯ ವಯಸ್ಸಿನಲ್ಲಿ ಮೂಲ್ಕಿಯ ನೀರಿನಲ್ಲಿ ಮುಖ ಅಡಿಯಾಗಿ ಬೀಳಬೇಕಾಯಿತು.

ನಡೆದದ್ದು ಹೀಗೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ಅಲೆಯ ಮೇಲೆ ಹಲಗೆ ಹತ್ತಿ ನಿಲ್ಲುವ ಆಟವನ್ನು, ಅಂದರೆ ಈಗ ಎಲ್ಲರೂ ಸರ್ಫಿಂಗ್ ಎನ್ನುವುದನ್ನು, ಕಲಿಯಲು ತನಗೂ ಗೆಳತಿಗೂ ಮೊದಲೇ ಹಣ ಕಟ್ಟಿದ್ದಳು. ಗೆಳತಿಗೆ ಜ್ವರ ಬಂತು. ಕಟ್ಟಿದ ಹಣ ಹಿಂದಕ್ಕೆ ಬರುವಂತಿರಲಿಲ್ಲ. “ದೊಡ್ಡಮ್ಮ, ದುಡ್ಡು ಯಾಕೆ ಸುಮ್ಮನೆ ಹಾಳಾಗಬೇಕು, ನೀನೇ ಬಾ” ಎಂದಳು. ಸಂಬಳದ ಮೇಲೆ ಬದುಕುವವರಿಗೆ ಇದಕ್ಕಿಂತ ಬಲವಾದ ತರ್ಕ ಇನ್ನೊಂದಿಲ್ಲ. ಸಮುದ್ರದ ದಂಡೆಯಲ್ಲಿ ನಾಲ್ಕು ದಿನ ಕಾದಂಬರಿ ಓದುತ್ತ ಕೂರೋಣವೆಂದು ಹೊರಟವಳು, ಮರುದಿನ ಬೆಳಗಿನ ಏಳು ಗಂಟೆಗೆ ಒಂಬತ್ತು ಅಡಿ ಉದ್ದದ ಹಲಗೆಯ ಮುಂದೆ ನಿಂತಿದ್ದೆ.

ಮೂಲ್ಕಿಯು ಮಂಗಳೂರಿಗೂ ಉಡುಪಿಗೂ ನಡುವೆ ಇರುವ ಊರು. ಶಾಂಭವಿ ಮತ್ತು ನಂದಿನಿ ನದಿಗಳು ಅಲ್ಲಿ ಸಮುದ್ರವನ್ನು ಸೇರುತ್ತವೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದಿಂದ ಬಂದು ನೆಲೆಸಿದ್ದ ಒಬ್ಬ ಕಾವಿಧಾರಿ ಸ್ವಾಮಿಯೂ ಅವರ ಶಿಷ್ಯರೂ ಅಲ್ಲಿ ಈ ಆಟಕ್ಕೆ ಮೊದಲು ಮಾಡಿದರು. 2016ರಲ್ಲಿ ಪಕ್ಕದ ಸಸಿಹಿತ್ಲಿನಲ್ಲಿ ದೇಶದ ಮಟ್ಟದ ಸ್ಪರ್ಧೆಯೇ ನಡೆಯಿತು. ಸ್ವಾಮಿಗೂ ಸರ್ಫಿಂಗಿಗೂ ಎತ್ತಣಿಂದೆತ್ತ ಸಂಬಂಧವೆಂದು ನಗುವವರು ನಗಲಿ. ಇಂದು ಅಲ್ಲಿ ಕಲಿಸುವವರಲ್ಲಿ ಆ ದಂಡೆಯ ಮನೆಗಳ ಹುಡುಗರೇ ಇದ್ದಾರೆ. ನನಗೆ ಗುರುವಾಗಿ ಸಿಕ್ಕವನೂ ಅಂಥವನೇ, ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ತನ್ನವರೊಡನೆ ತುಳು, ನನ್ನೊಡನೆ ಕರಾವಳಿಯ ಕನ್ನಡ. ನನ್ನ ಉದ್ಯೋಗ ತಿಳಿದ ಕ್ಷಣದಿಂದ ನನ್ನನ್ನು ಅವನು ‘ಟೀಚರ್’ ಎಂದೇ ಕರೆದ. ಎರಡು ಗಂಟೆಯ ಕಾಲ ಬೈಸಿಕೊಂಡದ್ದು ಮಾತ್ರ ಟೀಚರೇ.

“ಈಜು ಬರ್ತದಾ ಟೀಚರ್?” ಎಂದು ಮೊದಲು ಕೇಳಿದ. ಇಲ್ಲವೆಂದೆ. “ಹಾಗಾದ್ರೆ ಸೊಂಟಕ್ಕಿಂತ ಹೆಚ್ಚು ನೀರಿಗೆ ನಾನು ಬಿಡುದಿಲ್ಲ” ಎಂದ. ನನಗೆ ಈಜು ಬಾರದೆನ್ನುವುದು ಅವನಿಗೆ ಒಂದು ವಿವರ ಮಾತ್ರವಾಗಿತ್ತು. ಈ ಪ್ರಶ್ನೆಯನ್ನು ನನಗೆ ಹಿಂದೆ ಯಾರೂ ಕೇಳಿರಲಿಲ್ಲ. ಹದಿನೆಂಟು ವರ್ಷಗಳಲ್ಲಿ ಹನ್ನೊಂದು ಸಲ ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೇನೆ. ಅವುಗಳಲ್ಲಿ ನಾಲ್ಕು ಕಡಲತೀರಕ್ಕೆ. ‘ನಿಮಗೆ ಈಜು ಬರುತ್ತದೆಯೆ?’ ಎಂದು ನನ್ನನ್ನು ಕೇಳಿದವರಿಲ್ಲ. ‘ನಿಮ್ಮಲ್ಲಿ ಯಾರಿಗೆ ಬರುತ್ತದೆ?’ ಎಂದು ನಾನೂ ಆ ಮಕ್ಕಳನ್ನು ಕೇಳಿದವಳಲ್ಲ. ದಂಡೆಯ ಮೇಲೆ ನಿಂತು “ಮುಂದೆ ಹೋಗಬೇಡ್ರೋ” ಎಂದು ಕೂಗುವುದೇ ಹೊಣೆಗಾರಿಕೆಯೆಂದು ತಿಳಿದಿದ್ದೆ.

ಮೊದಲಿನ ಮುಕ್ಕಾಲು ಗಂಟೆ ನೀರನ್ನು ಮುಟ್ಟಲಿಲ್ಲ. ಪಾಠವೆಲ್ಲ ಮರಳಿನ ಮೇಲೆ. ಹಿಂದಿನಿಂದ ಬೆನ್ನನ್ನು ಮೆಲ್ಲಗೆ ತಳ್ಳಿ ಯಾವ ಕಾಲು ತಾನಾಗಿ ಮುಂದೆ ಬರುತ್ತದೆಂದು ನೋಡಿದ. ಹಿಂದೆ ಉಳಿದ ಕಾಲಿನ ಹರಡಿಗೆ ಹಲಗೆಯ ಹಗ್ಗವನ್ನು ಕಟ್ಟಿದ. ಬೋರಲು ಮಲಗು, ಕೈಯಿಂದ ಹುಟ್ಟು ಹಾಕು, ಎದೆಯ ಪಕ್ಕದಲ್ಲಿ ಅಂಗೈ ಊರು, ಒಂದೇ ನೆಗೆತಕ್ಕೆ ಎದ್ದು ನಿಲ್ಲು, ಮಂಡಿ ಬಗ್ಗಿಸು, ಎದುರು ನೋಡು. ಇಷ್ಟನ್ನು ಮೂವತ್ತು ಸಲ ಮಾಡಿಸಿದ. ಆಮೇಲೆ ಬೀಳುವುದನ್ನು ಕಲಿಸಿದ. ತಲೆ ಮುಂದಾಗಿ ಧುಮುಕಬಾರದು; ನೀರು ಎಷ್ಟು ಆಳವೆಂಬುದು ತಲೆಗೆ ತಿಳಿಯುವ ಹೊತ್ತಿಗೆ ಕುತ್ತಿಗೆಗೆ ತಿಳಿದಿರುತ್ತದೆ. ಚಪ್ಪಟೆಯಾಗಿ ಬೀಳಬೇಕು. ಮೇಲೆ ಬರುವಾಗ ತೋಳುಗಳಿಂದ ತಲೆಯನ್ನು ಮುಚ್ಚಿಕೊಂಡು ಬರಬೇಕು, ಹಲಗೆ ಎಲ್ಲಿದೆಯೋ ಬಲ್ಲವರಾರು. ಅಲೆಗೂ ನಮಗೂ ನಡುವೆ ಹಲಗೆಯನ್ನು ಅಡ್ಡವಾಗಿ ಹಿಡಿಯಬಾರದು; ಹಿಡಿದರೆ ಅಲೆ ಅದನ್ನೆತ್ತಿ ನಮ್ಮ ಮುಖಕ್ಕೇ ಹೊಡೆಯುತ್ತದೆ. ಕಡಲಿಗೆ ಬೆನ್ನು ಹಾಕಿ ನಿಲ್ಲಬಾರದು. ಈ ಕೊನೆಯದನ್ನು ಕೇಳಿ ನನಗೆ ನಾಚಿಕೆಯಾಯಿತು. ನಮ್ಮ ಪ್ರವಾಸದ ಚಿತ್ರಗಳಲ್ಲೆಲ್ಲ ಮಕ್ಕಳು ಮೊಣಕಾಲು ನೀರಿನಲ್ಲಿ ಸಾಲಾಗಿ ಕಡಲಿಗೆ ಬೆನ್ನು ಹಾಕಿಯೇ ನಿಂತಿದ್ದಾರೆ. ನಿಲ್ಲಿಸಿದವಳು ನಾನು.

ಆಮೇಲೆ ಅವನು ನೀರಿನ ಕಡೆಗೆ ಬೆರಳು ಮಾಡಿದ. “ಟೀಚರ್, ಇದರಲ್ಲಿ ಎಲ್ಲಿ ಇಳಿಯುದು ಒಳ್ಳೇದು, ಹೇಳಿ ನೋಡುವ.” ನಾನು ನೋಡಿದೆ. ಎಡಕ್ಕೂ ಬಲಕ್ಕೂ ಬಿಳಿಯ ನೊರೆಯೆಬ್ಬಿಸಿ ಒಡೆಯುವ ಅಲೆಗಳು. ನಡುವೆ ಹತ್ತಿಪ್ಪತ್ತು ಗಜ ಅಗಲದಲ್ಲಿ ಅಲೆಯೇ ಇಲ್ಲದ, ಸ್ವಲ್ಪ ಕಪ್ಪಾಗಿ ಕಾಣುವ, ಪ್ರಶಾಂತವಾದ ನೀರು. ಆ ಪ್ರಶಾಂತವಾದ ಜಾಗವನ್ನೇ ತೋರಿಸಿದೆ. ಅವನು ನಗಲಿಲ್ಲ. “ಎಲ್ಲರೂ ಅಲ್ಲಿಗೇ ಹೋಗುದು” ಎಂದ.

ಅವನು ಹೇಳಿಕೊಟ್ಟದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅಲೆಗಳು ಒಂದರ ಹಿಂದೆ ಒಂದು ನೀರನ್ನು ದಂಡೆಗೆ ತಂದು ಸುರಿಯುತ್ತವೆ. ಒಳಗೆ ಬಂದ ನೀರು ಹೊರಗೆ ಹೋಗಲೇಬೇಕು. ಮರಳಿನ ದಿಬ್ಬಗಳ ನಡುವೆ ತಗ್ಗು ಎಲ್ಲಿದೆಯೋ ಅಲ್ಲಿ ಅದು ದಾರಿ ಮಾಡಿಕೊಂಡು ಹೊಳೆಯ ಹಾಗೆ ಕಡಲ ಕಡೆಗೆ ಓಡುತ್ತದೆ. ಅಲ್ಲಿ ಆಳ ಹೆಚ್ಚು, ಆದ್ದರಿಂದ ಅಲೆ ಒಡೆಯುವುದಿಲ್ಲ. ಅಲೆ ಒಡೆಯುವುದಿಲ್ಲವಾದ್ದರಿಂದ ನೋಟಕ್ಕೆ ಸೌಮ್ಯ. ಬಿರುಸಾದ ಸೆಳವು ಸೆಕೆಂಡಿಗೆ 8 ಅಡಿಯವರೆಗೂ ಓಡಿದ್ದನ್ನು ಅಳೆದವರಿದ್ದಾರೆ. ಅದಕ್ಕೆ ಎದುರಾಗಿ ಈಜಿ ಗೆಲ್ಲುವುದು ಒಲಿಂಪಿಕ್ ಪಟುವಿಗೂ ಆಗದು. ಆದರೆ ಅದು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ, ಅಲೆ ಒಡೆಯುವ ಸಾಲನ್ನು ದಾಟಿದ ಮೇಲೆ ಸಾಮಾನ್ಯವಾಗಿ ಸೋತು ಬಿಟ್ಟುಬಿಡುತ್ತದೆ. ಸಾಯುವವರು ಹೆಚ್ಚಾಗಿ ದಂಡೆಯನ್ನೇ ನೋಡುತ್ತ, ಸೆಳವಿಗೆ ಎದುರಾಗಿ ಬಡಿದಾಡಿ, ದಣಿದು ಮುಳುಗಿದವರು. ಮಾಡಬೇಕಾದ್ದು ಬೇರೆ: ಬಡಿದಾಡದೆ ತೇಲುವುದು, ಕೈಯೆತ್ತಿ ಕರೆಯುವುದು, ಈಜು ಬಂದರೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಅಲೆ ಒಡೆಯುವ ಜಾಗಕ್ಕೆ ಬಂದು, ಅಲೆಯ ಜೊತೆಯಲ್ಲೇ ಮರಳುವುದು. ಅಮೆರಿಕದ ಕಡಲತೀರಗಳ ಜೀವರಕ್ಷಕರು ಕೈಗೊಳ್ಳುವ ರಕ್ಷಣಾಕಾರ್ಯಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕವು ಈ ಸೆಳವಿನಿಂದಾದವು ಎಂದು ಅವರ ಸಂಘದ ಲೆಕ್ಕ. ಬಲ್ಲ ಸರ್ಫರುಗಳಾದರೋ ಆಳಕ್ಕೆ ಹೋಗಲು ಇದೇ ಸೆಳವನ್ನು ದಾರಿಯಾಗಿ ಬಳಸಿಕೊಳ್ಳುತ್ತಾರೆ. “ನಮಗೆ ಅದು ಪುಕ್ಕಟೆ ಬಸ್ಸು ಟೀಚರ್” ಎಂದ ಹುಡುಗ.

ಅವನು ಅದನ್ನು ‘ರಿಪ್’ ಎನ್ನುತ್ತಿದ್ದ. ನಿಮ್ಮ ಅಜ್ಜ ಏನನ್ನುತ್ತಿದ್ದರೆಂದು ಕೇಳಿದೆ. “ನೀರು ಎಳೆಯುವ ಜಾಗ ಅಂತ ಹೇಳ್ತಿದ್ರು. ಅಲ್ಲಿಗೆ ಹೋಗ್ಬೇಡ ಅಂತ ಸಣ್ಣಂದಿನಲ್ಲೇ ಹೇಳ್ತಾರೆ” ಎಂದ.

ಇಲ್ಲಿಗೆ ನನ್ನ ಜಗಳ ನನ್ನ ಕಸುಬಿನವರೊಂದಿಗೆ, ಕನ್ನಡ ಬರೆಯುವವರೊಂದಿಗೆ. ಕಡಲಿನಲ್ಲಿ ಯಾರಾದರೂ ಸತ್ತರೆ ನಮ್ಮ ಪತ್ರಿಕೆಗಳ ತಲೆಬರಹ ಏನು? ‘ರಕ್ಕಸ ಅಲೆಗೆ ಬಲಿ’, ‘ಸಮುದ್ರಪಾಲು’, ‘ಜಲಸಮಾಧಿ’. ಮೊದಲನೆಯದು ಬಹುಮಟ್ಟಿಗೆ ಸುಳ್ಳು, ಎರಡನೆಯದು ವಿಧಿಲಿಖಿತ, ಮೂರನೆಯದು ಯೋಗಿಗಳಿಗೆ ಸಲ್ಲುವ ಗೌರವ. ಹದಿನೈದು ವರ್ಷದ ಹುಡುಗಿ ಸಮಾಧಿ ಹೊಂದುವುದಿಲ್ಲ, ಉಸಿರು ಕಟ್ಟಿ ಸಾಯುತ್ತಾಳೆ. ಅಲೆಯನ್ನು ರಕ್ಕಸನೆಂದು ಕರೆದು ಕರೆದು, ನೊರೆಯುಳ್ಳ ಕಡೆ ಅಪಾಯ, ನೊರೆಯಿಲ್ಲದ ಕಡೆ ಕ್ಷೇಮ ಎಂಬ ತಪ್ಪು ತಿಳಿವಳಿಕೆಯನ್ನು ನಾವೇ ಬಿತ್ತುತ್ತಿದ್ದೇವೆ. ಆ ತಿಳಿವಳಿಕೆಯೇ ಜನರನ್ನು ಆ ಕಪ್ಪು ನೀರಿನ ಕಡೆಗೆ ಕೈಹಿಡಿದು ಕರೆದೊಯ್ಯುವುದು. ‘ಸೆಳವು’ ಎಂಬ ಮಾತು ಕನ್ನಡದಲ್ಲಿ ಇಲ್ಲವೆ? ಹೊಳೆ ಬಲ್ಲ ಪ್ರತಿಯೊಬ್ಬನೂ ಬಲ್ಲ ಮಾತು ಅದು. ‘ಸೆಳವಿಗೆ ಸಿಕ್ಕಿ ಸಾವು’ ಎಂದು ಬರೆಯುವುದಕ್ಕೆ ಪಾರಿಭಾಷಿಕ ಪದಕೋಶ ಬೇಕಾಗಿಲ್ಲ. ಬರೆದರೆ ಓದಿದವನು ‘ಸೆಳವು ಎಂದರೆ ಏನು?’ ಎಂದಾದರೂ ಕೇಳಿಯಾನು. ರಕ್ಕಸನ ವಿಷಯವಾಗಿ ಯಾರೂ ಪ್ರಶ್ನೆ ಕೇಳುವುದಿಲ್ಲ.

ತರಗತಿಯಲ್ಲಿ ನಾನು ವರ್ಷ ವರ್ಷವೂ ಅಷ್ಟಾದಶ ವರ್ಣನೆಗಳ ಪಾಠ ಮಾಡುತ್ತೇನೆ. ಮಹಾಕಾವ್ಯಕ್ಕೆ ಸಮುದ್ರವರ್ಣನೆ ಬೇಕು, ಜಲಕ್ರೀಡೆಯೂ ಬೇಕು. ಪಟ್ಟಿಯಲ್ಲಿ ಎರಡೂ ಇವೆ, ಆದರೆ ಬೇರೆ ಬೇರೆ ಇವೆ. ಕ್ರೀಡೆ ಹೆಚ್ಚಾಗಿ ಕೊಳದಲ್ಲಿ. ಸಮುದ್ರವನ್ನು ದೂರದಿಂದ ವರ್ಣಿಸುವುದು. ಶರಧಿ, ವಾರಿಧಿ, ಅಂಬುಧಿ, ಜಲಧಿ, ಪಾರಾವಾರ ಎಂದು ನನ್ನ ವಿದ್ಯಾರ್ಥಿಗಳು ಪರ್ಯಾಯಪದಗಳನ್ನು ತಪ್ಪಿಲ್ಲದೆ ಬರೆಯುತ್ತಾರೆ, ಪೂರ್ಣ ಅಂಕ ಪಡೆಯುತ್ತಾರೆ.

ದಂಡೆಯಲ್ಲಿ ಹಲಗೆಗಳು ಎರಡು. ಒಂದು ನನ್ನ ಕಾಲಿಗೆ ಕಟ್ಟಿದ್ದು. ಇನ್ನೊಂದು ನಮ್ಮ ಕಡಲತೀರಗಳಲ್ಲೆಲ್ಲ ಕಂಬಕ್ಕೆ ಹೊಡೆದಿರುವುದು: ‘ಅಪಾಯ! ನೀರಿಗೆ ಇಳಿಯಬೇಡಿ.’ ಯಾವ ಅಪಾಯ, ಎಲ್ಲಿ, ಯಾವ ತಿಂಗಳು, ಎಷ್ಟು ದೂರ, ಇಳಿದುಬಿಟ್ಟರೆ ಏನು ಮಾಡಬೇಕು—ಒಂದಕ್ಕೂ ಉತ್ತರವಿಲ್ಲ. ಕಾರಣ ಹೇಳದ ನಿಷೇಧವನ್ನು ನಮ್ಮ ಜನ ನಂಬುವುದಿಲ್ಲ. ನಂಬದಿರುವುದಕ್ಕೆ ಅವರಿಗೆ ನ್ಯಾಯವಾದ ಅನುಭವವಿದೆ. ಆದ್ದರಿಂದ ಆ ಹಲಗೆಯ ಬುಡದಲ್ಲೇ ಬಟ್ಟೆ ಚಪ್ಪಲಿಗಳನ್ನಿಟ್ಟು, ಅದಕ್ಕೆ ಟವೆಲನ್ನು ನೇತುಹಾಕಿ, ಇನ್ನೂರು ಮಂದಿ ನೀರಿಗೆ ಇಳಿದಿರುತ್ತಾರೆ. ಮಳೆಗಾಲದ ನಿಷೇಧದ ಮಾತು ಬೇರೆ. ಜೂನಿನ ಅರಬ್ಬೀ ಸಮುದ್ರವನ್ನು ನೋಡಿದವರು ಅದನ್ನು ಪ್ರಶ್ನಿಸುವುದಿಲ್ಲ. ಡಿಸೆಂಬರಿನಲ್ಲೂ ಜೂನಿನಲ್ಲೂ ಒಂದೇ ಮಾತನ್ನು ಹೇಳುವ ಹಲಗೆಯ ವಿಷಯ ನಾನು ಹೇಳುತ್ತಿರುವುದು.

ನಮ್ಮ ನಿರ್ಣಯವೂ ಅಂಥ ಹಲಗೆಯೇ. ಅದರಿಂದ ರಕ್ಷಣೆಯಾದದ್ದು ವಿದ್ಯಾರ್ಥಿಗಳಿಗಲ್ಲ, ನಮಗೆ. ಕಾಲೇಜಿನ ಪ್ರವಾಸದಲ್ಲಿ ಕಡಲಿಲ್ಲ, ಸರಿ. ಪರೀಕ್ಷೆ ಮುಗಿದ ಮರುದಿನ ಅದೇ ಹುಡುಗರು ಆರು ಮಂದಿ ಒಂದು ಬಾಡಿಗೆ ಕಾರಿನಲ್ಲಿ ಗೋಕರ್ಣಕ್ಕೆ ಹೋಗುತ್ತಾರೆ. ಆಗ ಅವರು ನಮ್ಮ ದಾಖಲೆಯಲ್ಲಿ ಇಲ್ಲ.

ಇನ್ನು ಆಕ್ಷೇಪಗಳು. ನಾನು ಮರಳಿ ಬಂದು ಈ ಸಂಗತಿಯನ್ನು ಹೇಳಿದಾಗ ಅಧ್ಯಾಪಕರ ಕೊಠಡಿಯಲ್ಲಿ ಮೊದಲು ಕೇಳಿದ್ದು, “ಈ ವಯಸ್ಸಿಗೆ ಇದೆಲ್ಲ ಬೇಕಿತ್ತೇ ಮೇಡಂ?” ಎಂಬುದು. ಇದಕ್ಕೆ ಉತ್ತರ ಕೊಡುವುದಿಲ್ಲ. ಎರಡನೆಯದು, ಇದು ಪರದೇಶದ ಶ್ರೀಮಂತರ ಆಟ ಎಂಬುದು. ಹುಟ್ಟಿದ್ದು ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ, ನಿಜ. ಹವಾಯಿಯ ಡ್ಯೂಕ್ ಕಹಾನಮೊಕು ಈ ಆಟವನ್ನು ಲೋಕಕ್ಕೆ ಪರಿಚಯ ಮಾಡಿಸಿದವನು. 1925ರಲ್ಲಿ ಕ್ಯಾಲಿಫೋರ್ನಿಯದ ಕರೆಯಲ್ಲಿ ದೋಣಿಯೊಂದು ಮಗುಚಿದಾಗ ಇದೇ ಹಲಗೆಯ ಮೇಲೆ ಹೋಗಿ ಎಂಟು ಜನರನ್ನು ಉಳಿಸಿದ. ಆದರೆ ಹಲಗೆ ಎಂದರೆ ಏನು? ಬೆಂಡು. ನಾನು ಹುಟ್ಟಿದ ಬಯಲುಸೀಮೆಯ ಹಳ್ಳಿಯಲ್ಲಿ ಹುಡುಗರು ಬೆನ್ನಿಗೆ ಬೆಂಡು ಕಟ್ಟಿಕೊಂಡು ತೋಟದ ಬಾವಿಗೆ ಹಾರುತ್ತಿದ್ದರು. ಒಂದು ಬೇಸಗೆ ಕಳೆಯುವುದರೊಳಗೆ ಬೆಂಡನ್ನು ಬಿಚ್ಚಿಟ್ಟು ಈಜುತ್ತಿದ್ದರು. ನನ್ನ ಅಣ್ಣ ಹಾಗೆಯೇ ಕಲಿತ. ನಾನು ಮೆಟ್ಟಿಲ ಮೇಲೆ ಕುಳಿತು ಅವನ ಅಂಗಿಯನ್ನು ಕಾಯುತ್ತಿದ್ದೆ. ನನಗೂ ಬೆಂಡು ಕಟ್ಟು ಎಂದು ಒಮ್ಮೆ ಕೇಳಿದ್ದಕ್ಕೆ ಅಜ್ಜಿ, “ಹೆಣ್ಣುಮಗಳು ಬಾವಿಗೆ ಬೀಳೋದು ಒಂದೇ ಸಲ” ಎಂದರು. ಹಾಸ್ಯಕ್ಕೆ ಹೇಳಿದ್ದು; ಮನೆಯವರೆಲ್ಲ ನಕ್ಕರು. ನಲವತ್ತು ವರ್ಷಗಳ ಮೇಲೆ ಆ ಮಾತು ಮೂಲ್ಕಿಯ ಮರಳಿನಲ್ಲಿ ನೆನಪಾಯಿತು. ಮುರುಡೇಶ್ವರದಲ್ಲಿ ಸತ್ತ ನಾಲ್ವರೂ ಹೆಣ್ಣುಮಕ್ಕಳು. ಬಾವಿಗಳೇ ಬತ್ತಿರುವ ಈಗಿನ ಬಯಲುಸೀಮೆಯಲ್ಲಿ ಗಂಡುಮಕ್ಕಳಿಗೂ ಆ ವಿದ್ಯೆ ತಪ್ಪಿಹೋಗಿದೆ ಎಂಬುದು ಬೇರೆ ಮಾತು. ನಮ್ಮ ದೇಶದಲ್ಲಿ ವರ್ಷಕ್ಕೆ 30,000ಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಕಡಲು ಅದರಲ್ಲಿ ಒಂದು ಪಾಲು, ಉಳಿದದ್ದು ಕೆರೆ, ನಾಲೆ, ಹೊಳೆ, ಕೃಷಿಹೊಂಡ.

ಮೂರನೆಯ ಆಕ್ಷೇಪವೇ ತೂಕದ್ದು. ಭೌತಶಾಸ್ತ್ರದ ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದರು: “ಏನೂ ಗೊತ್ತಿಲ್ಲದವನು ಹೆದರಿಕೊಂಡು ದಂಡೆಯಲ್ಲಿರುತ್ತಾನೆ. ಅರ್ಧ ಕಲಿತವನೇ ಆಳಕ್ಕೆ ಹೋಗಿ ಸಾಯುವುದು.” ಈ ಮಾತನ್ನು ನಾನು ತಳ್ಳಿಹಾಕಲಾರೆ. ಪಾಠದ ಎರಡನೆಯ ಗಂಟೆಯಲ್ಲಿ ಹನ್ನೊಂದು ಸಲ ಬಿದ್ದೆ. “ಕಾಲಡಿ ನೋಡ್ಬೇಡಿ ಟೀಚರ್, ಕಾಲು ಎಲ್ಲಿಗೂ ಹೋಗುದಿಲ್ಲ” ಎಂದು ಬೈಸಿಕೊಂಡೆ. ಹನ್ನೆರಡನೆಯ ಸಲ ನೊರೆಯ ಅಲೆಯ ಮೇಲೆ ಎದ್ದು ನಿಂತೆ. ಛಂದಸ್ಸಿನ ಲೆಕ್ಕದಲ್ಲಿ ನಾಲ್ಕು ಮಾತ್ರೆಯ ಕಾಲ ನಿಂತಿರಬಹುದು. ಅಷ್ಟಕ್ಕೇ ಸಂಜೆ ನಾನೊಬ್ಬಳೇ ಹಲಗೆ ತೆಗೆದುಕೊಂಡು ಇನ್ನೊಮ್ಮೆ ಹೋಗುವ ಮನಸ್ಸಾಯಿತು. ಹುಡುಗ ಕೊಡಲಿಲ್ಲ. “ನಿಂತದ್ದು ನೀವಲ್ಲ ಟೀಚರ್, ನಾನು ತಳ್ಳಿದ್ದು” ಎಂದ. ಅರೆವಿದ್ಯೆಯ ಮದ ಎಂಥದೆಂದು ಅದೇ ದಿನ ನನಗೆ ತಿಳಿಯಿತು. ಆದರೂ ಸಹೋದ್ಯೋಗಿಗಳ ವಾದದ ಮೊದಲ ಅರ್ಧ ನಿಜವಲ್ಲ. ಏನೂ ಗೊತ್ತಿಲ್ಲದವರು ದಂಡೆಯಲ್ಲಿ ಉಳಿಯುವುದಿಲ್ಲ. ಕಡಲನ್ನು ಹುಟ್ಟಿದಂದಿನಿಂದ ನೋಡದ ಮಗು ನೂರು ಮೈಲಿ ಬಸ್ಸಿನಲ್ಲಿ ಬಂದು, ಆ ನೀಲಿಯನ್ನು ಮೊದಲ ಸಲ ಕಂಡು, ಹೆದರಿ ದಂಡೆಯಲ್ಲಿ ನಿಲ್ಲುತ್ತದೆಯೆ? ಓಡುತ್ತದೆ. ನಾನು ನಾಲ್ಕು ಪ್ರವಾಸಗಳಲ್ಲಿ ನೋಡಿದ್ದೇನೆ, ಎಲ್ಲರೂ ಓಡುತ್ತಾರೆ.

ನಿಷೇಧವನ್ನು ಪರೀಕ್ಷಿಸಿ ನೋಡಿದ ದೇಶವೂ ಉಂಟು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದಲ್ಲಿ ಹಗಲು ಹೊತ್ತು ಬಯಲಿನಲ್ಲಿ ಸಮುದ್ರಸ್ನಾನ ಮಾಡುವುದೇ ಒಂದು ಕಾಲಕ್ಕೆ ಅಪರಾಧವಾಗಿತ್ತು; ಅಲ್ಲಿ ಕಾರಣ ಮಾನಮರ್ಯಾದೆಯದು. 1902ರಲ್ಲಿ ವಿಲಿಯಂ ಗೋಚರ್ ಎಂಬ ಪತ್ರಿಕಾ ಸಂಪಾದಕ ತನ್ನ ಪತ್ರಿಕೆಯಲ್ಲೇ ಪ್ರಕಟಣೆ ಕೊಟ್ಟು ನಡುಹಗಲಿನಲ್ಲಿ ಮ್ಯಾನ್ಲಿಯ ಕಡಲಿಗೆ ಇಳಿದ. ನಿಷೇಧ ಸಡಿಲವಾಯಿತು. ಜನ ನೀರಿಗೆ ನುಗ್ಗಿದರು, ಕೆಲವರು ಮುಳುಗಿದರು. ಆಗ ಅವರು ಮತ್ತೆ ಹಲಗೆ ಹೊಡೆಯಲಿಲ್ಲ. ಈಜು ಬಲ್ಲ ತರುಣರು ಸೇರಿ ಊರೂರಿನಲ್ಲಿ ಜೀವರಕ್ಷಕ ಸಂಘಗಳನ್ನು ಕಟ್ಟಿದರು. 1938ರ ಫೆಬ್ರುವರಿ 6ರಂದು ಸಿಡ್ನಿಯ ಬಾಂಡೈ ತೀರದಲ್ಲಿ ಒಂದೇ ಏಟಿಗೆ ಇನ್ನೂರಕ್ಕೂ ಮಿಕ್ಕ ಜನರನ್ನು ನೀರು ಹೊರಕ್ಕೆ ಎಳೆದುಕೊಂಡಿತು. ಸತ್ತವರು ಐವರು. ಮಿಕ್ಕವರೆಲ್ಲ ಬದುಕಿದ್ದು, ಆ ಹೊತ್ತಿಗೆ ದಂಡೆಯಲ್ಲಿ ಕಲಿತವರು ಹತ್ತಾರು ಮಂದಿ ಇದ್ದುದರಿಂದ.

ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂಬತ್ತು ಅಡಿಯ ಹಲಗೆ ಕೊಡಿರೆಂದು ನಾನು ಕೇಳುತ್ತಿಲ್ಲ. ಆ ಪಾಠದ ಮೊದಲ ಮುಕ್ಕಾಲು ಗಂಟೆಗೆ ಮರಳು ಬಿಟ್ಟರೆ ಬೇರೇನೂ ಬೇಕಾಗಿರಲಿಲ್ಲ. ಅದನ್ನು ತರಗತಿಯ ಕರಿಹಲಗೆಯ ಮೇಲೂ ಹೇಳಬಹುದು. ನಮ್ಮ ಭೌತಶಾಸ್ತ್ರದವರು ನನಗಿಂತ ಚೆನ್ನಾಗಿ ಹೇಳಿಯಾರು. ಪ್ರವಾಸಕ್ಕೆ ಹೊರಡುವ ಮುನ್ನ ಯಾರಿಗೆ ಈಜು ಬರುತ್ತದೆಂದು ಬರೆದುಕೊಳ್ಳುವುದು. ದಂಡೆಯಲ್ಲಿ ಆ ಊರಿನ ಬಲ್ಲವನೊಬ್ಬನಿಗೆ ಕೂಲಿ ಕೊಟ್ಟು, ಮೊದಲು ನೀರನ್ನು ಓದಿಸಿ, ಅವನು ಗೆರೆ ಎಳೆದ ಜಾಗದಲ್ಲಿ ಅವನೆದುರಿಗೇ ಮಕ್ಕಳನ್ನು ಮೊಣಕಾಲಿನವರೆಗೆ ಇಳಿಸುವುದು. ಬಸ್ಸಿನಲ್ಲಿ ಹಾಡು ಹಾಕುವ ಡಬ್ಬಿಗೆ ಕೊಡುವಷ್ಟು ಹಣ ಇದಕ್ಕೂ ಸಾಕು.

ಇಷ್ಟನ್ನೂ ಬರೆದು, ಹಳೆಯ ನಿರ್ಣಯದಿಂದ ನನ್ನ ಸಹಿಯನ್ನು ತೆಗೆಯಬೇಕೆಂದು ಪ್ರಾಂಶುಪಾಲರಿಗೆ ಪತ್ರ ಕೊಟ್ಟಿದ್ದೇನೆ. ಅಂಗೀಕೃತ ನಿರ್ಣಯದಿಂದ ಸಹಿ ತೆಗೆಯಲು ನಿಯಮದಲ್ಲಿ ಅವಕಾಶವಿಲ್ಲವಂತೆ. ಪತ್ರವನ್ನು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಕೊನೆಗೆ, ‘ಇತರ ವಿಷಯಗಳು’ ಎಂಬಲ್ಲಿ ಸೇರಿಸಿದ್ದಾರೆ. ಆ ಹೊತ್ತಿಗೆ ಸಾಮಾನ್ಯವಾಗಿ ಕಾಫಿ ಬಂದಿರುತ್ತದೆ, ಅರ್ಧ ಜನ ಎದ್ದು ಹೋಗಿರುತ್ತಾರೆ. ನಾನಂತೂ ಕುಳಿತಿರುತ್ತೇನೆ.